ಮಗುವಿನ ಬೀಜದ ಡಬ್ಬಿಗೆ ಅಟ್ಟದಲ್ಲಿ ಜಾಗ ಕೊಡಿ

ರೈತ ಮಹಿಳೆಯರೇ, ಹಬ್ಬ ಹತ್ತಿರ ಬಂತೆಂದರೆ ಮನೆ ಸಾರಿಸಿ, ಧೂಳು ಹೊಡೆದು, ಅಟ್ಟ ಗುಡಿಸುವುದು ನಿಮ್ಮೆಲ್ಲರ ವಾಡಿಕೆ. ಆಗ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿ, ಅದರೊಳಗೆ ಬೆಂಕಿಪೊಟ್ಟಣ, ಗೋಲಿ, ಗಜ್ಜುಗ, ಹಕ್ಕಿಯ ಗರಿ, ಅಂಚೆಚೀಟಿ ಎಲ್ಲ ಕಲಸಿಕೊಂಡಿದ್ದರೆ, ಅದನ್ನು ತಿಪ್ಪೆಗೆ ಹಾಕುವ ಮುನ್ನ ಸ್ವಲ್ಪ ನಿಲ್ಲಿ. ಅದು ನಿಮ್ಮ ಮಗನ ಅಥವಾ ಮಗಳ ಆಸ್ತಿ. ಹಾಕಿಬಿಟ್ಟರೆ ಏನಾಗುತ್ತದೆಂಬುದನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ನಮ್ಮದು ಕೆಂಗೇರಿ ಹೋಬಳಿ. ಮೆಟ್ರೋ ರೈಲು ಕೆಂಗೇರಿಗೆ ಬಂದದ್ದು 2021ರಲ್ಲಿ. ನಾನು ಹೇಳುತ್ತಿರುವುದು 1984ರ ಮಾತು. ಆಗ ಮನೆಯ ಮುಂದಿನಿಂದಲೇ ರಾಗಿ ಹೊಲ ಆರಂಭವಾಗುತ್ತಿತ್ತು. ಐದನೇ ಕ್ಲಾಸಿನಲ್ಲಿದ್ದ ನನ್ನ ತಮ್ಮನಿಗೆ ಬೀಜ ಕೂಡಿಡುವ ಹುಚ್ಚು. ಒಂದೊಂದು ಬೆಂಕಿಪೊಟ್ಟಣಕ್ಕೆ ಒಂದೊಂದು ಬೀಜ: ಹುರುಳಿ, ಹುಚ್ಚೆಳ್ಳು, ಸಾಮೆ, ನವಣೆ, ನಾಲ್ಕು ಬಣ್ಣದ ಅಲಸಂದೆ. ಮಾಗಡಿ ಕಡೆಯಿಂದ ಬಂದಿದ್ದ ಅಜ್ಜಿ ಕೊಟ್ಟ ಕರಿಕಡ್ಡಿ ರಾಗಿಯ ಪೊಟ್ಟಣವೂ ಅದರಲ್ಲಿತ್ತು.

ಆ ವರ್ಷ ಗೌರಿ ಹಬ್ಬಕ್ಕೆ ಮನೆ ತೊಳೆಯುವಾಗ ಡಬ್ಬಿ ಅವ್ವನ ಕೈಗೆ ಸಿಕ್ಕಿತು. ‘ಏನ್ಲಾ ಇದು, ಇಲಿಗೆ ಬಿಡಾರ ಮಾಡಿದ್ದೀಯ?’ ಎಂದು ಬೈದು ತಿಪ್ಪೆಗೆ ಸುರಿದಳು. ಹುಡುಗ ಅಳಲಿಲ್ಲ, ಜಗಳವಾಡಲಿಲ್ಲ. ಹಬ್ಬದ ದಿನ ಕಡುಬು ಮುಟ್ಟಲಿಲ್ಲ, ಅಷ್ಟೆ. ಸಾಯಂಕಾಲ ಅವ್ವ ಜರಡಿ ತೆಗೆದುಕೊಂಡು ತಿಪ್ಪೆಯ ಬಳಿ ಕುಳಿತಳು. ರಾತ್ರಿ ಮಳೆ ಬಿದ್ದಿತ್ತು. ದಪ್ಪ ಕಾಳುಗಳು ಕೆಲವು ಸಿಕ್ಕವು. ರಾಗಿ ಸಿಗುವುದೆಲ್ಲಿ ಬಂತು?

ಮುಂದಿನ ಸುಗ್ಗಿಯಲ್ಲಿ ಅವಳು ತವರಿಗೆ ಹೋದಾಗ ಅಲ್ಲಿ ಕರಿಕಡ್ಡಿ ಕೇಳಿದಳು. ಅಷ್ಟರಲ್ಲಿ ಅಲ್ಲಿಯೂ ಎಲ್ಲರ ಹೊಲಕ್ಕೆ ಇಂಡಾಫ್ ಬಂದಿತ್ತು. ಮಂಡ್ಯದ ವಿ. ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ತೆಗೆದ ತಳಿಗಳಿವು. ಇಳುವರಿ ಹೆಚ್ಚು, ರೈತನ ಮನೆ ತುಂಬಿತು. ಅದನ್ನು ಬಿತ್ತಿದವರ ತಪ್ಪೇನೂ ಇಲ್ಲ. ಆದರೆ ಹಳೆಯ ರಾಗಿಯನ್ನು ಒಂದು ಹಿಡಿಯಾದರೂ ಇಟ್ಟುಕೊಂಡವರು ಆ ಊರಿನಲ್ಲಿ ಇರಲಿಲ್ಲ. ಅಕ್ಕಪಕ್ಕದ ಎರಡು ಊರು ತಿರುಗಿ ಅವ್ವ ಬರಿಗೈಯಲ್ಲಿ ಬಂದಳು. ಆ ಕರಿಕಡ್ಡಿ ನಮ್ಮ ಮನೆಗೆ ಮತ್ತೆ ಬರಲೇ ಇಲ್ಲ.

ಅಲ್ಲಿಂದ ಮುಂದೆ ಅವ್ವ ಬದಲಾದಳು. ಕಳೆ ಕೀಳಲು ಹೋದಲ್ಲಿ, ಸಂತೆಯಲ್ಲಿ, ಮದುವೆಗೆ ಹೋದ ಊರಿನಲ್ಲಿ ಹೊಸ ಕಾಳು ಕಂಡರೆ ಸೆರಗಿಗೆ ಗಂಟು ಹಾಕಿಕೊಂಡು ಬರುತ್ತಿದ್ದಳು. ಓದು ಬರಹ ಬಾರದವಳು. ಯಾವ ಗಂಟಿನಲ್ಲಿ ಯಾವ ಊರಿನ ಕಾಳು ಎಂಬುದನ್ನು ಬಾಯಲ್ಲಿ ಹೇಳುವಳು, ತಮ್ಮ ಬರೆದುಕೊಳ್ಳುವನು. ಎಲ್ಲಕ್ಕಿಂತ ದೊಡ್ಡದೆಂದರೆ, ರಾಗಿ ಹೊಲದ ಒಂದು ಅಕ್ಕಡಿ ಸಾಲನ್ನು ಅವನಿಗೆಂದೇ ಬಿಡಿಸಿದಳು. ‘ಒಂದು ಸಾಲು ಅವರೆ ಹೋದರೆ ನಾವೇನೂ ಉಪವಾಸ ಬೀಳಾಕಿಲ್ಲ’ ಎಂದು ಅಪ್ಪನ ಬಾಯಿ ಮುಚ್ಚಿಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಮಕ್ಕಳ ಹವ್ಯಾಸಕ್ಕೆ ದುಡ್ಡು ಬೇಕೆಂದು ಅನೇಕ ತಾಯಂದಿರು ಹಿಂಜರಿಯುತ್ತಾರೆ. ಬೀಜದ ಸಂಗ್ರಹಕ್ಕೆ ಬೇಕಾದ್ದು ದುಡ್ಡಲ್ಲ, ನಿಮ್ಮ ಕೈಯಲ್ಲಿರುವ ವಿದ್ಯೆ. ಕಾಳನ್ನು ಚೆನ್ನಾಗಿ ಒಣಗಿಸಿ, ಬಿಸಿ ಆರಿದ ಮೇಲೆಯೇ ತುಂಬಬೇಕೆಂದು ಹೇಳಿಕೊಡಿ. ಅವರೆ, ಹೆಸರು, ಅಲಸಂದೆಗೆ ಹುಳು ಬೇಗ ಬೀಳುತ್ತದೆ. ತುಸು ಹರಳೆಣ್ಣೆ ಸವರಿ ಇಡುವುದು, ಬೂದಿ ಅಥವಾ ಒಣಗಿದ ಬೇವಿನ ಸೊಪ್ಪು ಬೆರೆಸುವುದು, ತೊಗರಿಗೆ ಕೆಮ್ಮಣ್ಣು ಕಟ್ಟುವುದು ನಿಮಗೆ ತಿಳಿದ ವಿಷಯವೇ. ರಾಗಿ ಹಗೇವಿನಲ್ಲಿ ವರ್ಷಗಟ್ಟಲೆ ಉಳಿಯುತ್ತಿದ್ದ ಗಟ್ಟಿ ಕಾಳು. ಆದರೂ ತಿನ್ನಲು ಉಳಿಯುವುದೇ ಬೇರೆ, ಮೊಳೆಯಲು ಉಳಿಯುವುದೇ ಬೇರೆ. ಬೀಜ ಜೀವವಿರುವ ವಸ್ತು. ಎರಡು ಮೂರು ವರ್ಷಕ್ಕೊಮ್ಮೆ ಬಿತ್ತಿ ಹೊಸ ಬೀಜ ತೆಗೆಯದಿದ್ದರೆ ಡಬ್ಬಿಯಲ್ಲಿ ಉಳಿಯುವುದು ಬರಿಯ ಬಣ್ಣ.

ಒಂದು ಎಚ್ಚರಿಕೆ. ಗುಲಗಂಜಿ, ಹರಳು, ಉಮ್ಮತ್ತಿ ಇವುಗಳ ಬೀಜ ವಿಷ. ನೋಡಲು ಚೆಂದವಾದ ಗುಲಗಂಜಿಯನ್ನು ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಳ್ಳುವುದುಂಟು. ಇವುಗಳನ್ನು ಬೇರೆ ಡಬ್ಬಿಯಲ್ಲಿ ಎತ್ತರದಲ್ಲಿಡಿ. ಹಾಗೆಯೇ ಹಕ್ಕಿಯ ಮೊಟ್ಟೆ ಕೂಡಿಡಲು ಬಿಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಅದು ವಿರುದ್ಧ, ತಾಯಿಹಕ್ಕಿಯ ಸಂಕಟವಂತೂ ಹೇಳಬೇಕಾಗಿಲ್ಲ. ಮಗಳಿಗೆ ಅಂಚೆಚೀಟಿಯ ಆಸೆಯಿದ್ದರೆ ಹಳೆಯ ಲಕೋಟೆಯ ಮೂಲೆ ಕತ್ತರಿಸಿ ನೀರಿನಲ್ಲಿ ನೆನೆಸಿ ಬಿಡಿಸಿಕೊಡಿ. ಅದಕ್ಕೂ ಕಾಸು ಬೇಡ.

ಈ ಹುಚ್ಚಿನಿಂದ ಏನು ಲಾಭ ಎಂದು ನಿಮ್ಮ ಯಜಮಾನರು ಕೇಳಬಹುದು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಸೈಯದ್ ಘನಿ ಖಾನ್ ಎಂಬ ರೈತರು ನೂರಾರು ಬಗೆಯ ಭತ್ತವನ್ನು ತಮ್ಮ ಹೊಲದಲ್ಲೇ ಬೆಳೆದು ಉಳಿಸಿದ್ದಾರೆಂದು ತಿಳಿಸಿ. ರೈತರು ಕಾಪಾಡಿಕೊಂಡು ಬಂದ ತಳಿಯನ್ನು ಅವರ ಹೆಸರಿನಲ್ಲೇ ನೋಂದಾಯಿಸಲು 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಅವಕಾಶವಿದೆ. ಇಷ್ಟಾದರೂ, ಲಾಭವಿಲ್ಲದಿದ್ದರೆ ಬೇಡವೆನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಅವ್ವ ತಿಪ್ಪೆ ಜರಡಿ ಹಿಡಿದದ್ದು ಲಾಭಕ್ಕಲ್ಲ.

ನಮ್ಮ ಹೊಲ ಈಗ ಬಡಾವಣೆ. ಅಕ್ಕಡಿ ಸಾಲಿದ್ದ ಕಡೆ ಚರಂಡಿ ಹೋಗಿದೆ. ತಮ್ಮ ತಾರಸಿಯ ಮೇಲೆ ಹಳೆಯ ಅವರೆಯನ್ನು ಕುಂಡದಲ್ಲಿ ಹಬ್ಬಿಸುತ್ತಾನೆ. ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆಯಂತೆ ಇದು ವರ್ಷದ ಯಾವ ಕಾಲದಲ್ಲಾದರೂ ಕಾಯಿ ಬಿಡುವ ಜಾತಿಯಲ್ಲ. ಹಗಲು ಕುಗ್ಗಿ ಚಳಿ ಬರುವವರೆಗೆ ಬರಿ ಬಳ್ಳಿ. ಮೊದಲ ಕಾಯಿ ಬಂದ ದಿನ ಅವ್ವನನ್ನು ಮೆಟ್ಟಿಲು ಹತ್ತಿಸಿ ಕರೆತರುತ್ತಾನೆ. ಅವಳು ಕಾಯಿ ಉಜ್ಜಿ ಮೂಸಿ, ಸೊಗಡು ಸಾಕೋ ಸಾಲದೋ ಹೇಳಬೇಕು. ಆಮೇಲೆಯೇ ಬೀಜಕ್ಕೆ ಬಿಡುವುದು.

ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಒಬ್ಬ ಮನುಷ್ಯನ ಕೂಡಿಡುವ ಹವ್ಯಾಸ ಎಷ್ಟು ದೊಡ್ಡದಾಗಬಹುದೆಂದು ನೋಡಲು ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ನಾವೂ ಹೋಗಿದ್ದೆವು. ಅಲ್ಲಿನ ಲೋಕಮಾತಾ ಮಂದಿರದಲ್ಲಿ ಹಳೆಯ ಮನೆಬಳಕೆಯ ಸಾಮಾನುಗಳ ಮುಂದೆ ಅವ್ವ ಬಹಳ ಹೊತ್ತು ನಿಂತಳು. ‘ಕಾಳು ತುಂಬಿದ ಮೇಲೆ ಬಾಯಿಗೆ ಸಗಣಿ ಮೆತ್ತಬೇಕು ಕಣ್ಲಾ, ಇಲ್ಲದಿದ್ರೆ ಹುಳ ನುಗ್ತದೆ. ಇದನ್ನ ಇಲ್ಲಿ ಯಾರೂ ಬರೆದಿಲ್ಲ’ ಎಂದಳು. ತಮ್ಮ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡ.