ಮಕ್ಕಳ ಇಸುಬು: ಮುಟ್ಟಲು ಅಂಜದಿರೋಣ

ಚರ್ಮರೋಗಿಗಳ ಆರೈಕೆಗೂ ಮಂಗಳೂರಿನ ಕ್ರೈಸ್ತ ಸಮಾಜಕ್ಕೂ ಹಳೆಯ ನಂಟುಂಟು. ಯೇಸುಸಭೆಯ ಜರ್ಮನ್ ಗುರು ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯ ಆಲದ ಮರದಡಿ ಬಡವರಿಗೆ ಔಷಧ ನೀಡತೊಡಗಿದರು. ಮುಂದೆ ಅಲ್ಲಿಯೇ ಕುಷ್ಠರೋಗಿಗಳಿಗೂ ಆಶ್ರಯ ದೊರೆಯಿತು. ಆ ಪರಂಪರೆಯ ವಾರಸುದಾರರಾದ ನಮ್ಮಲ್ಲಿಯೂ ಇಸುಬಿರುವ ಮಗುವನ್ನು ಧರ್ಮೋಪದೇಶ ತರಗತಿಯಲ್ಲಿ ಬೆಂಚಿನ ತುದಿಗೆ ಸರಿಸುವುದುಂಟು. ಇದು ವಿಷಾದದ ಸಂಗತಿ.

ವೈದ್ಯರು ಎಕ್ಸಿಮಾ ಎನ್ನುವ ಈ ಇಸುಬು ಅಂಟುರೋಗವಲ್ಲ. ತೇವವನ್ನು ಹಿಡಿದಿಟ್ಟುಕೊಳ್ಳಲಾರದ ಚರ್ಮವು ಒಣಗಿ, ಕೆಂಪೇರಿ, ತುರಿಸುತ್ತದೆ. ಶಿಶುಗಳಿಗೆ ಕೆನ್ನೆಯ ಮೇಲೆ, ದೊಡ್ಡ ಮಕ್ಕಳಿಗೆ ಮೊಣಕೈ ಮೊಣಕಾಲುಗಳ ಮಡಿಕೆಗಳಲ್ಲಿ ಇದು ಹೆಚ್ಚು. ಕಜ್ಜಿಯಾದರೋ ಬೇರೆ, ಅದು ಸೂಕ್ಷ್ಮ ಹುಳದಿಂದ ಹರಡುವಂಥದು. ಬೆರಳ ಸಂದುಗಳಲ್ಲಿ ತುರಿಕೆಯೆದ್ದು ಮನೆಮಂದಿಗೆಲ್ಲ ಹಬ್ಬಿದ್ದರೆ ಎಲ್ಲರಿಗೂ ಒಟ್ಟಿಗೆ ಚಿಕಿತ್ಸೆ ಬೇಕು.

ಇಸುಬಿನ ತುರಿಕೆ ರಾತ್ರಿ ಉಲ್ಬಣಿಸುತ್ತದೆ. ಒಂದೇ ಕೋಣೆಯ ಮನೆಯಲ್ಲಿ ಮಗುವಿನೊಂದಿಗೆ ಎಲ್ಲರೂ ನಿದ್ದೆಗೆಡುತ್ತಾರೆ. ಬೆಳಗಾದರೆ ಮಗುವಿಗೆ ಶಾಲೆಯಿಲ್ಲ, ತಾಯಿಗೆ ಕೂಲಿಯಿಲ್ಲ.

ಆರೈಕೆಗೆ ದೊಡ್ಡ ಖರ್ಚೇನೂ ಬೇಡ. ಸುಡುನೀರಿನ ಬದಲು ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷ ಮೀಯಿಸಬೇಕು, ಸಾಬೂನು ಮಿತವಾಗಿರಲಿ. ಮೈಯನ್ನು ಉಜ್ಜದೆ ಒತ್ತಿ ಒರೆಸಿ, ತೇವ ಆರುವ ಮೊದಲೇ ಪರಿಮಳವಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನೋ ಶುದ್ಧ ತೆಂಗಿನೆಣ್ಣೆಯನ್ನೋ ಧಾರಾಳವಾಗಿ ಸವರಬೇಕು. ಮಗುವಿಗೆ ಹತ್ತಿಬಟ್ಟೆ ತೊಡಿಸಿ, ಉಗುರು ಕತ್ತರಿಸುತ್ತಿರಬೇಕು.

ನೆರೆಯವರ ಮಾತು ಕೇಳಿ ಮೊಟ್ಟೆ, ಮೀನು, ಹಾಲುಗಳನ್ನು ನಿಲ್ಲಿಸುವುದು ಸಲ್ಲದು. ಬೆಳೆಯುವ ಮಗು ಸೊರಗುತ್ತದೆ. ಔಷಧದಂಗಡಿಯಲ್ಲಿ ಕೇಳಿ ತಂದ ಮುಲಾಮು ಇನ್ನೂ ಅಪಾಯಕರ. ಸ್ಟೀರಾಯ್ಡ್ ಮುಲಾಮನ್ನು ವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟೇ ಹಚ್ಚಿದರೆ ಅದು ಉಪಕಾರಿ. ಮನಬಂದಂತೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ವಿಧಿಸಿತು. ಕೀವು, ಹಳದಿ ಹಕ್ಕಳೆ, ಜ್ವರ ಕಂಡರೆ ತಡಮಾಡದೆ ಸರಕಾರಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

ಬಡವರ ಮನೆಬಾಗಿಲಿಗೆ ಹೋಗುವುದೇ 1833ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಮೂಲ ಕಾಯಕ. ನಮ್ಮ ಧರ್ಮಕೇಂದ್ರಗಳ ಸಭೆಯವರು ಅಕ್ಕಿಯ ಜೊತೆಗೆ ಒಂದು ಡಬ್ಬಿ ಜೆಲ್ಲಿಯನ್ನೂ ಒಯ್ಯಲಿ. ಬಸ್ಸಿನ ಖರ್ಚಿಲ್ಲದ ತಾಯಿಯನ್ನು ಆಸ್ಪತ್ರೆಗೆ ಜೊತೆಗೂಡಿ ಕರೆದೊಯ್ಯಲಿ. ಯೇಸುಸ್ವಾಮಿ ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದರು. ಮುಟ್ಟಿದರೆ ಅಂಟದ ಇಸುಬಿಗೆ ನಾವು ಹಿಂಜರಿಯುವುದೇಕೆ? ಬರುವ ಭಾನುವಾರ ಆ ಮಗುವನ್ನು ಬೆಂಚಿನ ನಡುವೆ ಕೂರಿಸೋಣ.