ಅವ್ವನ ಡೈರೆಕ್ಷನ್, ಮಗನ ಆಕ್ಟಿಂಗ್! ಸಂತೆಮರಹಳ್ಳಿಯ ಒಲೆ ಮುಂದೆ ಆರು ವಾರ

ಚಿತ್ರರಸಿಕ ಮಿತ್ರರೇ, ಒಂದು ಪ್ರಶ್ನೆ. ವರನಟ ಡಾ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ಯಾವುದು?

"ಇದೂ ಒಂದು ಪ್ರಶ್ನೇನಾ ಗುರೂ!" ಅಂತ ನಗ್ತೀರಿ. 'ಬೇಡರ ಕಣ್ಣಪ್ಪ'. 1954. ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನ. ಸರಿ, ಈಗ ಎರಡನೇ ಪ್ರಶ್ನೆ. ಆ ಕಣ್ಣಪ್ಪ ಶಿವನಿಗೆ ಕಣ್ಣು ಕೊಡುವುದಕ್ಕೂ ಮೊದಲು ಕೊಟ್ಟದ್ದೇನು?

ಊಟ! ತಾನು ಬೇಟೆಯಾಡಿ ತಂದದ್ದನ್ನು, ತಾನೇ ರುಚಿ ನೋಡಿ, ಚೆನ್ನಾಗಿದ್ದದ್ದನ್ನು ಆರಿಸಿ ಕೊಟ್ಟ. ಮಂತ್ರ ಗೊತ್ತಿಲ್ಲದ ಬೇಡನಿಗೆ ಉಣಿಸೋದೇ ಪೂಜೆ.

ಈ ಮಾತು ಈಗ್ಯಾಕೆ ಬಂತು ಅಂದ್ರೆ, ಹೋದ ಅವರೆಕಾಯಿ ಕಾಲದಲ್ಲಿ ಈ ಬಡಪಾಯಿ ಬರಹಗಾರ ಆರು ವಾರ ಒಲೆ ಮುಂದೆ ಕೂತಿದ್ದ. ಅದರ ಕಥೆ ಇದು. ಫೈಟ್ ಇಲ್ಲ, ಡ್ಯೂಯೆಟ್ ಇಲ್ಲ. ಆದ್ರೆ ಸೆಂಟಿಮೆಂಟ್ ಉಂಟು, ಕಾಮಿಡಿ ಬೇಕಾದಷ್ಟು ಉಂಟು!

ಹೋದದ್ದು ಒಂದಕ್ಕೆ, ಆದದ್ದು ಇನ್ನೊಂದು

ನಮ್ಮೂರು ಸಂತೆಮರಹಳ್ಳಿ. ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲದ ಕಡೆ ಹೋಗೋ ಬಸ್ಸು ಹತ್ತಿದ್ರೆ ದಾರಿಯಲ್ಲೇ ಸಿಗುತ್ತೆ. ಬಿಳಿಗಿರಿರಂಗನ ಬೆಟ್ಟ ದೂರದಲ್ಲಿ ನೀಲಿಯಾಗಿ ಕಾಣುತ್ತೆ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟು, ಪೆನ್ನು ನಂಬಿ ಬೆಂಗಳೂರಿಗೆ ಹೋದವನು ನಾನು. ಒಂದು ಪತ್ರಿಕೆಯವರು ಮೂರು ಲೇಖನದ ದುಡ್ಡು ಬಾಕಿ ಇಟ್ಟಿದ್ದರು. (ಹೆಸರು ಬೇಡ ಬಿಡಿ, ನಾಳೆ ಮತ್ತೆ ಅವರ ಬಾಗಿಲಿಗೇ ಹೋಗಬೇಕು!) ಜೇಬು ಖಾಲಿ. ಊರಿಗಾದ್ರೂ ಹೋಗಿ ಬರೋಣ, ಹಂಗೇ ಅಣ್ಣಾವ್ರ ಸೀಮೆಯ ಊಟದ ಮೇಲೆ ಒಂದು ಲೇಖನ ಮಾಡೋಣ ಅಂತ ಡಿಸೆಂಬರ್‌ನಲ್ಲಿ ಹೊರಟೆ.

ಅಣ್ಣಾವ್ರು 1929ರ ಏಪ್ರಿಲ್ 24ರಂದು ಹುಟ್ಟಿದ ಗಾಜನೂರು ನಮ್ಮ ಜಿಲ್ಲೆಗೆ ಅಂಟಿಕೊಂಡೇ ಇದೆ. 1956ರ ರಾಜ್ಯ ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಈ ಕಡೆ ಬಂತು. ತಾಳವಾಡಿ ಸೀಮೆಯ ಗಾಜನೂರು ಆ ಕಡೆ ಉಳೀತು, ಈಗ ತಮಿಳುನಾಡಿನ ಈರೋಡ್ ಜಿಲ್ಲೆ. ಭೂಪಟದಲ್ಲಿ ಗೆರೆ ಬಿತ್ತೇ ಹೊರತು ಹಿಟ್ಟಿನ ಮಡಕೆಗೆ ಬೀಳಲಿಲ್ಲ. ಅಲ್ಲೂ ರಾಗಿ, ಇಲ್ಲೂ ರಾಗಿ. ನಮ್ಮ ಕಡೆ ಮುದ್ದೆ ಅನ್ನಲ್ಲ, 'ಹಿಟ್ಟು' ಅಂತಾರೆ. "ಹಿಟ್ಟು ಉಂಡ್ಯಾ?" ಅಂದ್ರೆ ಊಟ ಆಯ್ತಾ ಅಂತ.

ಮನೆ ಬಾಗಿಲಿಗೆ ಬಂದ್ರೆ ಅವ್ವ ಜಗಲಿ ಮೇಲೆ ಕೂತವ್ಳೆ. ಬಲಗೈಗೆ ಹಿಟ್ಟಿನ ಹಾಗೆ ಬೆಳ್ಳಗೆ ಪ್ಲಾಸ್ಟರು! ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದಿತ್ತು. ಆರು ವಾರ ಕೈ ಅಲ್ಲಾಡಿಸಬಾರದು ಅಂದಿದ್ರು ಡಾಕ್ಟ್ರು. ಮನೇಲಿ ಅಪ್ಪ, ಜೊತೆಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗೋ ಅಕ್ಕನ ಎರಡು ಮಕ್ಕಳು. ಎರಡು ದಿನ ಎದುರುಮನೆ ದೊಡ್ಡವ್ವ ಸಾರು ಕಳಿಸಿದ್ದಳು.

"ಇನ್ನೊಬ್ಬರ ಮನೆ ಮಡಕೆ ಎಷ್ಟ್ ದಿನ ನೋಡದು ಕೂಸು?" ಅಂದ್ಲು ಅವ್ವ.

ಇಪ್ಪತ್ತೆಂಟು ವರ್ಷ ಅವಳ ಕೈಯ ಹಿಟ್ಟು ಉಂಡವನಿಗೆ, ಒಂದು ದಿನವೂ ಒಲೆ ಮುಂದೆ ನಿಂತು ನೋಡಿದ್ದು ನೆನಪಿಲ್ಲ. ಯಾವ ಚಿತ್ರ ಯಾವ ಟಾಕೀಸಲ್ಲಿ ಎಷ್ಟು ವಾರ ಓಡ್ತು ಅಂತ ಕೇಳಿ, ನಿದ್ದೆಗಣ್ಣಲ್ಲೂ ಹೇಳ್ತೀನಿ. ಒಂದು ಪಾವು ಹಿಟ್ಟಿಗೆ ಎಷ್ಟು ನೀರು? ಗೊತ್ತಿಲ್ಲ!

ಫಸ್ಟ್ ಟೇಕ್ ಫ್ಲಾಪ್!

ಮೊದಲ ದಿನ ಧೈರ್ಯ ಮಾಡಿ ನೀರು ಕುದಿಸಿ, ಹಿಟ್ಟು ಸುರಿದು, ದೊಣ್ಣೆ ಹಿಡಿದೆ. ಆಗಿದ್ದು ಏನು? ಹೊರಗೆ ಕಲ್ಲು, ಒಳಗೆ ಗಂಟು, ಗಂಟಿನೊಳಗೆ ಹಸಿ ಹಿಟ್ಟು. ಅಪ್ಪ ಮಾತಾಡದೆ ನೀರು ಕುಡಿದು ನುಂಗಿದ. ಅಕ್ಕನ ಮಗ ಮಾತ್ರ ತಟ್ಟೇಲಿ ಉರುಳಿಸಿ, "ಮಾವ, ಇದ್ರಲ್ಲಿ ಸಿಕ್ಸರ್ ಹೊಡೀಬೋದು" ಅಂದ. ಅವ್ವ ನಕ್ಕಳು. ನಕ್ಕೂ ನಕ್ಕೂ ಕೈ ನೋವಾಗಿ, "ನಗಿಸ್ಬ್ಯಾಡ ಕನ್ಲಾ" ಅಂತ ಅತ್ತಳು.

ಮಾರನೇ ದಿನದಿಂದ ಡೈರೆಕ್ಟರ್ ಸೀಟಲ್ಲಿ ಅವ್ವ. ಒಲೆ ಪಕ್ಕ ಮಣೆ ಹಾಕ್ಕೊಂಡು ಕೂತು, ಪ್ಲಾಸ್ಟರ್ ಕೈಯನ್ನೇ ಮುಂದೆ ಚಾಚಿ ಆಜ್ಞೆ.

"ಒಂದ್ ಪಾವ್ ಹಿಟ್ಟಿಗೆ ಎರಡ್ ಪಾವ್ ನೀರು. ಮೊದ್ಲು ಒಂದ್ ಚಮಚ ಹಿಟ್ಟ ತಣ್ಣೀರಲ್ಲಿ ಕದರಿ ಬುಡು, ಅಂಬ್ಲಿ ಆಗ್ಲಿ. ಮರಳ್ತಾ ಅದಾ? ಈಗ ಹಿಟ್ಟ ನಡುವ್ಕೆ ಗುಡ್ಡೆ ಹಂಗೆ ಹಾಕು. ಮುಟ್ಬ್ಯಾಡ! ದೊಣ್ಣೆಲಿ ಒಂದ್ ತೂತ ಮಾಡಿ ಸುಮ್ಕಿರು. ಬೇಯ್ಲಿ."

ಅಲ್ಲೇ ಇರೋದು ಗುಟ್ಟು ನೋಡಿ. ನನ್ನಂಥ ಅವಸರದವನು ಹಿಟ್ಟು ಬೀಳ್ತಿದ್ದಂಗೆ ತಿರುವ್ತಾನೆ, ಗಂಟಾಗುತ್ತೆ. ಉರಿ ತಗ್ಗಿಸಿ, ಆ ತೂತಿನಲ್ಲಿ ನೀರು ಉಕ್ಕಿ ಹಿಟ್ಟು ತಾನೇ ಬೇಯೋವರೆಗೆ ಕಾಯಬೇಕು. ಆಮೇಲೆ ಮಡಕೆಯನ್ನು ಕಾಲಲ್ಲಿ ಒತ್ತಿ ಹಿಡಿದು, ದೊಣ್ಣೆಯನ್ನು ಅಂಚಿಗೆ ಉಜ್ಜಿ ಉಜ್ಜಿ ತಿರುವಬೇಕು. ಕೈಗೆ ನೀರು ಮುಟ್ಟಿಸಿಕೊಂಡು ಮಣೆ ಮೇಲೆ ಉರುಳಿಸಿದ್ರೆ ಗೋಲಿ! ಐದನೇ ದಿನ ನನ್ನ ಟೇಕ್ ಓಕೆ ಆಯ್ತು. ಅಪ್ಪ ಏನೂ ಹೇಳಲಿಲ್ಲ, ಇನ್ನರ್ಧ ಹಿಟ್ಟು ಕೇಳಿದ. ನಮ್ಮಪ್ಪನ ಕಡೆಯಿಂದ ಅದೇ ರಾಜ್ಯಪ್ರಶಸ್ತಿ.

ಒಂದೇ ಟಿಕೆಟ್‌ಗೆ ಎರಡು ಸಿನಿಮಾ

ಸಾರಿನ ವಿಷಯಕ್ಕೆ ಬನ್ನಿ. ನಮ್ಮ ಕಡೆ ಬಡವರ ಮನೆಯ ಮಹಾರಾಜ ಅಂದ್ರೆ ಉಪ್ಸಾರು. ಹುರುಳಿಕಾಳೋ, ತೊಗರಿಯೋ, ಜೊತೆಗೆ ಹೊಲದ ಬದುವಲ್ಲಿ ಸಿಕ್ಕ ಸೊಪ್ಪೋ, ಉಪ್ಪು ಹಾಕಿ ಬೇಯಿಸೋದು. ಬಸಿದ ಕಟ್ಟು ಒಂದು ಕಡೆ. ಬೆಂದ ಕಾಳು ಸೊಪ್ಪಿಗೆ ಈರುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಉಪ್ಪು ಸೇರಿಸಿ ಕಲ್ಲಲ್ಲಿ ನುಣ್ಣಗೆ ಅರೆದರೆ ಖಾರ. ತಟ್ಟೆಗೆ ಬಿಸಿ ಕಟ್ಟು ಬಿಟ್ಟು, ಅದಕ್ಕೆ ಬೇಕಾದಷ್ಟು ಖಾರ ಕದರಿಕೊಂಡು, ಹಿಟ್ಟು ಮುರಿದು ಅದ್ದಿ ನುಂಗಿದ್ರೆ... ಮೂಗು ಕಣ್ಣು ಎರಡೂ ಸುರೀತವೆ, ಆದ್ರೂ ಕೈ ನಿಲ್ಲಲ್ಲ!

ಲೆಕ್ಕ ಹಾಕಿ. ಮಡಕೆ ಒಂದೇ, ಉರಿ ಒಂದೇ, ಸಾರೂ ಆಯ್ತು, ಪಲ್ಯವೂ ಆಯ್ತು. ಬೇಯಿಸಿದ ನೀರು ಒಂದು ತೊಟ್ಟೂ ಚೆಲ್ಲಲಿಲ್ಲ. ಖಾರ ಮಿಕ್ಕರೆ ಎರಡು ದಿನ ಬರುತ್ತೆ. ಅದೇ ಕಟ್ಟಿಗೆ ಬೆಂದ ಕಾಳಿನ ಜೊತೆ ಹುರಿದ ಈರುಳ್ಳಿ, ಕಾಯಿ, ಮಸಾಲೆ ರುಬ್ಬಿ ಕುದಿಸಿದರೆ ಬಸ್ಸಾರು, ಅದು ಎರಡನೇ ಸಿನಿಮಾ.

ರಾಗಿಯೂ ಹಾಗೇ. ವರ್ಷಗಟ್ಟಲೆ ಇಟ್ಟರೂ ಹುಳ ಮುಟ್ಟಲ್ಲ. ಹಿಂದಿನವರು ನೆಲದಲ್ಲಿ ಹಗೇವು ತೋಡಿ ತುಂಬಿ, ಬರ ಬಂದಾಗ ತೆಗೀತಿದ್ರು. ತೆರೆ ಮೇಲಿನ ಹೀರೋಗಳ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಮದುವೆ ಮಾಡಿಸಿ 'ಇಂಡಾಫ್' ತಳಿ ಕೊಟ್ಟ ಲಕ್ಷ್ಮಣಯ್ಯನವರಿಗೆ ಎಷ್ಟು ಜನ ಶಿಳ್ಳೆ ಹೊಡೆದಿದ್ದೀವಿ ಹೇಳಿ? 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿದ ಮೇಲೆ ರಾಗಿಗೆ ಹೊಳೆಯೋ ಪೊಟ್ಟಣ ಬಂತು, ಮಾಲ್‌ನಲ್ಲಿ ಜಾಗ ಬಂತು. ಬೆಂಗಳೂರಲ್ಲಿ ಊರಿನ ಊಟ ಏನು ಅಂತ ಕೇಳಿದ್ರೆ ನಾನೇ ಒಂದು ಕಾಲದಲ್ಲಿ "ಅನ್ನ, ಚಪಾತಿ" ಅಂತ ಸುಳ್ಳು ಹೇಳಿದ್ದೆ. ಈಗ ನೆನೆಸಿಕೊಂಡ್ರೆ ನಾಚಿಕೆ.

ಅವರೆಕಾಳಿಗೆ ಅಭಿಮಾನಿ ಸಂಘ

ಸಂಕ್ರಾಂತಿ ಹತ್ತಿರ ಬಂತು. ಇಬ್ಬನಿ ಬಿದ್ದು ಅವರೆಕಾಯಿಗೆ ಸೊಗಡು ಕಟ್ಟಿತ್ತು. ಸಂತೆಯಲ್ಲಿ ರಾಶಿ ರಾಶಿ, ದರ ಇಳಿದಿತ್ತು. ಒಂದು ಮಾಲ್ ಸಿನಿಮಾದ ಟಿಕೆಟ್ಟು, ಪಾಪ್‌ಕಾರ್ನ್ ದುಡ್ಡಲ್ಲಿ ಕೈಚೀಲ ತುಂಬ ತಂದೆ. ಅವ್ವನ ಮುಖ ಅರಳಿತು, ತಕ್ಷಣ ಬಾಡಿತು. ಹಬ್ಬಕ್ಕೆ ಹಿತಕಿದ ಬೇಳೆ ಸಾರು ಮಾಡದ ವರ್ಷವೇ ಇಲ್ಲ. ಆದ್ರೆ ಹಿತಕೋದು ಯಾರು?

ನೋಡದವರಿಗೆ ಹೇಳ್ತೀನಿ. ಸುಲಿದ ಕಾಳನ್ನು ರಾತ್ರಿ ನೆನೆ ಹಾಕಬೇಕು. ಬೆಳಿಗ್ಗೆ ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಪುಳಕ್ ಅಂತ ಬೇಳೆ ಹೊರಗೆ, ಸಿಪ್ಪೆ ಕೈಯಲ್ಲಿ. ಐದು ಜನರ ಸಾರಿಗೆ ಸಾವಿರಾರು ಪುಳಕ್!

ಮೂಲೆ ಅಂಗಡಿ ಹತ್ತಿರ ನಿಲ್ಲೋ ನಮ್ಮ ಬೀದಿ ಹುಡುಗರನ್ನು ಕರೆದೆ. ಎಲ್ಲ ನಿಮ್ಮಂಥವರೇ, ಫಸ್ಟ್ ಡೇ ಫಸ್ಟ್ ಶೋ ಗಿರಾಕಿಗಳು. "ಇದು ಹೆಂಗಸರ ಕೆಲ್ಸ ಅಲ್ವಾ ಅಣ್ಣ?" ಅಂದ ಒಬ್ಬ. ಒಳಗಿಂದ ಅವ್ವ ಹೇಳಿದ್ಲು: "ಉಣ್ಣದು ಯಾರ ಕೆಲ್ಸ್ಲಾ?"

ಮುಗೀತು. ಏಳು ಜನ ಜಗಲಿ ಮೇಲೆ ಸುತ್ತ ಕೂತರು. 'ಬಂಗಾರದ ಮನುಷ್ಯ' ದೊಡ್ಡದೋ 'ಗಂಧದ ಗುಡಿ' ದೊಡ್ಡದೋ ಅಂತ ಜಗಳ. 'ಜನುಮದ ಜೋಡಿ'ಯ ಮಾದಪ್ಪನ ಹಾಡಿಗೆ ತಾಳ. ಮಧ್ಯೆ ಮಧ್ಯೆ ಪುಳಕ್ ಪುಳಕ್. ಒಂದು ಬೇಳೆ ಹಾರಿ ಮೋರಿಗೆ ಬಿದ್ದಾಗ ಅಪ್ಪ ಗದರಿದ: "ಒಂದ್ ಕಾಳು ಅಂತ ಬುಟ್ಬುಡ್ಬ್ಯಾಡಿ! ಒಂದ್ರ ಬೆಲೆ ನಮ್ಮೂರಿಗಿಂತ ಯಾರಿಗ್ ಗೊತ್ತು?" ಎಲ್ಲರೂ ಹೋ ಎಂದು ನಕ್ಕರು. ನಿಮಗೆ ಗೊತ್ತಿರಬಹುದು, 2004ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ಎದುರು ಗೆದ್ದದ್ದು ಒಂದೇ ಒಂದು ವೋಟಿನಲ್ಲಿ!

ಸಿಪ್ಪೆ ಹಸುವಿಗೆ ಹೋಯ್ತು. ಕೆಂಡದ ಬೂದಿಯಲ್ಲಿ ಗೆಣಸು ಹೂತಿಟ್ಟಿದ್ದೆವು, ಅದೇ ಏಳು ಜನರ ಸಂಭಾವನೆ. ಊದಿ ಊದಿ ತಿಂದರು.

ಕ್ಲೈಮ್ಯಾಕ್ಸ್

ಒಂದು ವಿಷಯ ನಾನು ಇಷ್ಟು ಹೊತ್ತು ಹೇಳಲಿಲ್ಲ. ಮೊದಲ ರಾತ್ರಿ ಅವ್ವ ಊಟಕ್ಕೇ ಕೂರಲಿಲ್ಲ. "ಹಸಿವಿಲ್ಲ" ಅಂದಳು. ಎರಡನೇ ರಾತ್ರಿಯೂ ಅದೇ. ಆಮೇಲೆ ಗೊತ್ತಾಯ್ತು. ಬಲಗೈ ಬರಲ್ಲ, ಎಡಗೈಲಿ ಉಣ್ಣಲ್ಲ, ಉಣಿಸು ಅಂತ ಕೇಳೋಕೆ ಬಾಯಿ ಬರಲ್ಲ. ಕೈ ಮುರಿದಾಗಿನಿಂದ ಯಾರೂ ನೋಡದ ಹೊತ್ತಲ್ಲಿ ಲೋಟದಲ್ಲಿ ಅಂಬಲಿ ಕುಡಿದು ಮಲಗ್ತಿದ್ದಳು.

ನಾನು ತಟ್ಟೆ ತಂದು ಎದುರಿಗೆ ಕೂತೆ. ಹಿಟ್ಟು ಮುರಿದು, ಸಾರಲ್ಲಿ ಅದ್ದಿ, ಖಾರ ಹೆಚ್ಚಾಗಿದೆಯೇನೋ ಅಂತ ಮೊದಲು ನಾನೇ ನಾಲಿಗೆಗೆ ಮುಟ್ಟಿಸಿ ನೋಡಿ, ತುತ್ತು ಕೊಟ್ಟೆ. ನುಂಗಿದಳು. "ಮಕ್ಳು ಉಂಡ್ವಾ?" ಅಂದಳು. ಉಂಡ್ವು ಅಂದೆ. "ನಿಮ್ಮಪ್ಪ?" ಉಂಡ. "ನೀನು?" ಉಣ್ತೀನಿ, ನೀನು ಮೊದಲು ಅಂದೆ. ಅವಳಿಗೆ ಅದು ಒಗ್ಗಲೇ ಇಲ್ಲ. ಮದುವೆಯಾದ ಮೇಲೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಉಂಡದ್ದು ಅದೇ ಮೊದಲಂತೆ. ಆರು ವಾರವೂ ನಾನೇ ಉಣಿಸಿದೆ. ಹಬ್ಬದ ದಿನ ಹಿತಕಿದ ಬೇಳೆ ಸಾರಿನ ಮೊದಲ ತುತ್ತೂ ಅವಳಿಗೇ.

ಪ್ಲಾಸ್ಟರ್ ತೆಗೆದರು. ಮಣಿಕಟ್ಟು ಬಿಗಿದುಕೊಂಡಿದೆ, ಇವತ್ತಿಗೂ ಹಿಟ್ಟು ತಿರುವೋಕೆ ಆಗಲ್ಲ. ಈಗ ಅಪ್ಪ ತಿರುವುತ್ತಾನೆ. ನಾನು ಹೊರಡೋ ಮುಂಚೆ ಅವನಿಗೂ ಒಂದು ವಾರ ಟ್ರೈನಿಂಗ್ ಆಯ್ತು. ಡೈರೆಕ್ಟರ್ ಅದೇ ಹಳಬರು!

ಮಿತ್ರರೇ, ಈ ಪತ್ರಿಕೆ ಕೊಂಡು ಊರಿನ ಬಸ್ಸು ಹತ್ತಿದ್ದರೆ ಒಂದು ಮಾತು. ಇವತ್ತು ರಾತ್ರಿ ತಟ್ಟೆ ಮುಂದೆ ಕೂರೋದಕ್ಕೆ ಮೊದಲು ಒಲೆ ಮುಂದೆ ಹೋಗಿ ನಿಲ್ಲಿ. ಉಪ್ಪು ಎಷ್ಟು, ನೀರು ಎಷ್ಟು ಅಂತ ಕೇಳಿ. ಅವರ ಊಟ ಆಯ್ತಾ ಅಂತಲೂ ಕೇಳಿ.

ಅಂದ ಹಾಗೆ, ಆ ಬಾಕಿ ದುಡ್ಡಲ್ಲಿ ಒಂದು ಲೇಖನದ್ದು ಕೊನೆಗೂ ಬಂತು. ಏನು ತರಲಿ ಅಂತ ಅವ್ವನಿಗೆ ಫೋನ್ ಮಾಡಿದೆ. ಸೀರೆ ಬೇಡ, ಕುಕ್ಕರ್ ಬೇಡ ಅಂದಳು.

"ಒಂದ್ ಹೊಸ ಹಿಟ್ಟಿನ ದೊಣ್ಣೆ ತಕ್ಕಬಾ ಕೂಸು. ಹಳೇದ ನಿಮ್ಮಪ್ಪ ಮುರ್ದಾಕ್ಬುಟ್ಟ!"