ಸವಳು ಹೊಲಕ್ಕೆ ಜಿಪ್ಸಂ ಏಕೆ?

ನೀರಾವರಿಯ ಎರೆ ಹೊಲದಲ್ಲಿ ಬಿಳಿ ಪೊರೆ ಕಂಡರೆ "ಸವಳಾಯಿತು" ಎನ್ನುತ್ತೇವೆ. ಆದರೆ ಸವಳೆಲ್ಲ ಒಂದೇ ಬಗೆಯದಲ್ಲ. ಒಂದು ಬಗೆಯದು ಬರೀ ನೀರಿಗೆ ತೊಳೆದು ಹೋಗುತ್ತದೆ. ಇನ್ನೊಂದನ್ನು ಬರೀ ನೀರಿನಿಂದ ತೊಳೆಯಹೋದರೆ ಹೊಲ ಮತ್ತಷ್ಟು ಕೆಡುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಒಕ್ಕಲಿಗರು ಈ ಭೇದವನ್ನು ತಿಳಿದೇ ಹಣ ಹಾಕಬೇಕು.

ಅಡಿಗೆಯ ಉಪ್ಪನ್ನೇ ನೋಡಿರಿ. ಅದರಲ್ಲಿರುವುದು ಸೋಡಿಯಂ ಮತ್ತು ಕ್ಲೋರಿನ್. ಸೋಡಿಯಂ ಪರಮಾಣು ತನ್ನದೊಂದು ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಕೊಟ್ಟುಬಿಡುತ್ತದೆ. ಕೊಟ್ಟದ್ದು ಧನ, ಕೊಂಡದ್ದು ಋಣ. (ಕೊಂಡವನೇ ಋಣಿ, ನಮ್ಮ ಸಾಲದ ಲೆಕ್ಕದಂತೆಯೇ!) ಹೀಗೆ ವಿದ್ಯುದಂಶ ಪಡೆದ ಕಣಗಳಿಗೆ ಅಯಾನುಗಳೆಂದು ಹೆಸರು. ಇವುಗಳ ಸೆಳೆತ ಎಷ್ಟು ಬಲವೆಂದರೆ, ಬೆಂಕಿಯಿಂದ ಉಪ್ಪನ್ನು ಕರಗಿಸಲು 801 ಡಿಗ್ರಿ ಸೆಂಟಿಗ್ರೇಡ್ ಕಾವು ಬೇಕು. ನೀರು ಮಾತ್ರ ಅಯಾನುಗಳನ್ನು ಸುತ್ತುವರಿದು ಸುಲಭವಾಗಿ ಬಿಡಿಸುತ್ತದೆ. ಬಿಡಿಯಾದ ಅಯಾನುಗಳು ವಿದ್ಯುತ್ತನ್ನು ಒಯ್ಯುತ್ತವೆ. ಮಣ್ಣು ಪರೀಕ್ಷೆಯವರು ಉಪ್ಪಿನ ಪ್ರಮಾಣವನ್ನು ಅಳೆಯುವುದು ಇದರಿಂದಲೇ.

ಬಿಡಿ ಉಪ್ಪಷ್ಟೇ ಹೆಚ್ಚಾಗಿದ್ದರೆ ಬಸಿಗಾಲುವೆ ತೋಡಿ, ಒಳ್ಳೆಯ ನೀರು ನಿಲ್ಲಿಸಿ ತೊಳೆದರೆ ಸಾಕು. ಸೋಡಿಯಂ ಮಣ್ಣಿಗೇ ಅಂಟಿಕೊಂಡರೆ ತೊಂದರೆ. ಎರೆಯ ಜಿಗುಟು ಕಣಗಳು ಋಣ ವಿದ್ಯುತ್ತಿನವು. ಸೋಡಿಯಂಗೆ ಇರುವುದು ಒಂದೇ ಧನಾಂಶ, ಮೇಲೆ ನೀರಿನ ದಪ್ಪ ಹೊದಿಕೆ. ಅದು ಕಣಗಳನ್ನು ಒಟ್ಟಿಗೆ ಹಿಡಿಯಲಾರದು. ಹೆಂಟೆ ರಾಡಿಯಾಗುತ್ತದೆ, ನೀರು ಇಂಗದು, ಒಣಗಿದರೆ ಕಲ್ಲು. ಕ್ಯಾಲ್ಸಿಯಂಗೆ ಎರಡು ಧನಾಂಶ. ಅದರ ಹಿಡಿತ ಬಿಗಿ. ಜಿಪ್ಸಂ ಎಂದರೆ ನೀರಿನಂಶ ಕೂಡಿದ ಕ್ಯಾಲ್ಸಿಯಂ ಸಲ್ಫೇಟು. ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ. ಹೊರಬಿದ್ದ ಸೋಡಿಯಂ ನೀರಿನೊಡನೆ ಹೋಗುತ್ತದೆ.

"ನಮ್ಮ ಎರೆಯಲ್ಲಿ ಸುಣ್ಣದ ಹರಳು ಬೇಕಾದಷ್ಟಿದೆಯಲ್ಲ?" ಎಂದು ಕೇಳಬಹುದು. ಇದೆ, ಅದರಲ್ಲೂ ಕ್ಯಾಲ್ಸಿಯಂ ಇದೆ. ಆದರೆ ಅದು ಸವಳು ಮಣ್ಣಿನ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ಜಿಪ್ಸಂ ಒಂದು ಲೀಟರಿಗೆ ಸುಮಾರು 2 ಗ್ರಾಂ ಕರಗುತ್ತದೆ, ಅಷ್ಟು ಸಾಕು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಗಾಜಿನ ಲೋಟದ ಮಳೆನೀರಿನಲ್ಲಿ ಹೊಲದ ಒಣ ಹೆಂಟೆ ಹಾಕಿರಿ. ಮರುದಿನವೂ ನೀರು ರಾಡಿಯಾಗಿದ್ದರೆ ಸೋಡಿಯಂ ಸಂಶಯ. ಚಿಟಿಕೆ ಜಿಪ್ಸಂ ಹಾಕಿ ಕಲಕಿದ ಮೇಲೆ ತಿಳಿಯಾದರೆ ಸಂಶಯ ಬಲವಾಯಿತು. ಬಿಡಿ ಉಪ್ಪೂ ಸೋಡಿಯಂ ಅಂಟೂ ಕೂಡಿದ್ದರೆ ನೀರು ಮೊದಲೇ ತಿಳಿಯಾಗಿ ಕಾಣಬಹುದು. ಆದುದರಿಂದ ಮಣ್ಣು ಪರೀಕ್ಷೆ ಬಿಡಬೇಡಿರಿ. ಎಕರೆಗೆ ಎಷ್ಟು ಜಿಪ್ಸಂ ಎಂಬುದನ್ನು ಅವರೇ ಹೇಳಬೇಕು.

ಜಿಪ್ಸಂ ನುಣ್ಣಗಿರಲಿ. ಮೇಲಿನ 4–6 ಅಂಗುಲ ಮಣ್ಣಿನಲ್ಲಿ ಬೆರೆಸಿ, ಕೆಲವು ದಿನ ನೀರು ನಿಲ್ಲಿಸಿರಿ. ಬಸಿಗಾಲುವೆ ಇಲ್ಲದಿದ್ದರೆ ಹೊರಬಿದ್ದ ಸೋಡಿಯಂ ಹೊಲದಲ್ಲೇ ಉಳಿಯುತ್ತದೆ, ಜಿಪ್ಸಂಗೆ ಕೊಟ್ಟ ಹಣ ಹೋಗುತ್ತದೆ. ಬಸಿನೀರು ಕೆಳಗಿನ ಹೊಲ ದಾಟಿ ಹಳ್ಳ ಸೇರಬೇಕಾಗಿದ್ದರೆ ಆ ಹೊಲದವರೊಡನೆ ಮೊದಲೇ ಮಾತಾಡಿಕೊಳ್ಳಿರಿ.